ಹಾರ್ಮೋನಿಯಂ ವಾದನದ ಅಲ್ಪಪರಿಚಿತ ಧ್ವನಿಮುದ್ರಣಗಳ ಶೋಧ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯನ್ನು ಅನುಲಕ್ಷಿಸಿ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯು ಬಹುಮಟ್ಟಿಗೆ ನಟರ, ನಾಟಕಕಾರರ ಹಾಗೂ ಕಂಪನಿ ಮಾಲೀಕರ ಚರಿತ್ರೆಯಾಗಿಯೇ ರಚಿತವಾಗಿದೆ. ರಂಗದ ಒಂದು ಬದಿಯಲ್ಲಿ ಕುಳಿತು ಇಡೀ ಪ್ರಯೋಗವನ್ನು ಶ್ರುತಿಬದ್ಧವಾಗಿ ನಡೆಸಿದ ಹಾರ್ಮೋನಿಯಂ ಮೇಷ್ಟ್ರು ಆ ಚರಿತ್ರೆಯ ಅಂಚಿನಲ್ಲಿ ಉಳಿದಿದ್ದಾರೆ. ಅವರ ವಾದನಕ್ಕೆ ಉಳಿದಿರುವ ನೇರ ಸಾಕ್ಷ್ಯವೆಂದರೆ ಧ್ವನಿಮುದ್ರಣಗಳು ಮಾತ್ರ. ಆದರೆ ಅವುಗಳನ್ನು ಹುಡುಕುವ, ಗುರುತಿಸುವ ಮತ್ತು ಕಾಲನಿರ್ಣಯ ಮಾಡುವ ಕ್ರಮ ಇನ್ನೂ ವ್ಯವಸ್ಥಿತಗೊಂಡಿಲ್ಲ.

ಹಾರ್ಮೋನಿಯಂ ಮೂಲತಃ ಆರ್ಗನ್ ಕುಲದ ವಾದ್ಯ. ಫ್ರಾನ್ಸಿನ ಅಲೆಕ್ಸಾಂಡ್ರ್ ದೆಬೈನ್ 1842ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ನೆಲದ ಮೇಲೆ ಕುಳಿತು ನುಡಿಸಬಹುದಾದ ಕೈ ಹಾರ್ಮೋನಿಯಂ ಅನ್ನು ರೂಪಿಸಿದರು. ನಾಟಕ ಕಂಪನಿಗಳಲ್ಲಿ ಮಾತ್ರ ಕಾಲು ಹಾರ್ಮೋನಿಯಂ ಬಹುಕಾಲ ಬಳಕೆಯಲ್ಲಿತ್ತು. ತಿದಿಯನ್ನು ಕಾಲಿನಿಂದ ಒತ್ತುವುದರಿಂದ ಎರಡೂ ಕೈಗಳು ಮನೆಗಳ ಮೇಲೆ ಓಡಾಡುತ್ತವೆ. ನಾದವೂ ಕೊನೆಯ ಸಾಲಿನ ಪ್ರೇಕ್ಷಕನವರೆಗೆ ತಲುಪುತ್ತದೆ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಇದು ಅನಿವಾರ್ಯ ಅನುಕೂಲವಾಗಿತ್ತು.

ಈ ಸಂದರ್ಭದಲ್ಲಿ ಅಮೆರಿಕದ ಜಾಝ್ ಆರ್ಗನ್ ಪರಂಪರೆಯೊಂದಿಗಿನ ಹೋಲಿಕೆ ಉಪಯುಕ್ತ. ಹ್ಯಾಮಂಡ್ ವಿದ್ಯುತ್ ಆರ್ಗನ್ 1935ರಲ್ಲಿ ಮಾರುಕಟ್ಟೆಗೆ ಬಂದಿತು. 1956ರಲ್ಲಿ ಜಿಮ್ಮಿ ಸ್ಮಿತ್‌ನ ಮುದ್ರಣಗಳ ಮೂಲಕ ಅದು ಜಾಝ್‌ನ ಮುಖ್ಯ ವಾದ್ಯವಾಯಿತು. ಅಲ್ಲಿಯೂ ಅನೇಕ ಉತ್ತಮ ವಾದನಗಳು ಬೇರೆಯವರ ಹೆಸರಿನ ತಟ್ಟೆಗಳಲ್ಲಿ ಅಡಗಿವೆ. ಶರ್ಲಿ ಸ್ಕಾಟ್‌ಳ ಆರಂಭದ ವಾದನವನ್ನು ಕೇಳಬಯಸುವವರು 1958ರ ಎಡ್ಡಿ ಡೇವಿಸ್‌ನ ಸ್ಯಾಕ್ಸೊಫೋನ್ ತಟ್ಟೆಗಳನ್ನು ನೋಡಬೇಕಾಗುತ್ತದೆ. ಅಂದರೆ ಅಲ್ಪಪರಿಚಿತ ಮುದ್ರಣದ ಶೋಧವು ಮುಖ್ಯ ಕಲಾವಿದನಿಂದಲ್ಲ, ಪಕ್ಕವಾದ್ಯದಿಂದ ಆರಂಭವಾಗಬೇಕು. ಕನ್ನಡದ ರಂಗಗೀತೆಗಳ ತಟ್ಟೆಗಳಿಗೂ ಈ ಮಾತು ಅನ್ವಯಿಸುತ್ತದೆ. ಲೇಬಲ್ಲಿನ ಮೇಲೆ ಗಾಯಕ ನಟನ ಹೆಸರು, ನಾಟಕದ ಹೆಸರು ಇರುತ್ತವೆ. ಹಾರ್ಮೋನಿಯಂ ನುಡಿಸಿದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮೊದಲ ಮುದ್ರಣ ಯಾತ್ರೆ ನಡೆದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ಹಾಡಿದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲಿಯೇ ನಿಧನರಾದರು. ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ. ರಂಗದ ಮೇಲೆ ‘ಒನ್ಸ್ ಮೋರ್’ ಪಡೆದು ಬೆಳೆಯುತ್ತಿದ್ದ ಹಾಡು ಇಲ್ಲಿ ಮೊಟಕಾಯಿತು. ಆದರೂ ಚರಣಗಳ ನಡುವೆ ಬರುವ ಸಣ್ಣ ತುಣುಕುಗಳಲ್ಲಿ ವಾದಕನ ಬೆರಳುಗಾರಿಕೆ ಸ್ಪಷ್ಟವಾಗಿ ಕೇಳಿಬರುತ್ತದೆ.

ರೇಡಿಯೋ ಸಂಗ್ರಹಗಳಿಂದ ಈ ಕೊರತೆ ತುಂಬುವುದಿಲ್ಲ. ಸ್ಥಿರ ಸ್ವರಸ್ಥಾನಗಳ ಈ ವಾದ್ಯ ಗಮಕಕ್ಕೆ ಒಗ್ಗದೆಂಬ ಕಾರಣದಿಂದ ಅಖಿಲ ಭಾರತ ರೇಡಿಯೋ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ‘ಆಕಾಶವಾಣಿ’ಯೂ 1950ರಲ್ಲಿ ಆ ಜಾಲವನ್ನು ಸೇರಿತು. ಹೀಗಾಗಿ ಗ್ರಾಮಫೋನ್ ತಟ್ಟೆ ಮತ್ತು ಖಾಸಗಿ ಟೇಪುಗಳ ಮಹತ್ವ ಇಮ್ಮಡಿಯಾಗುತ್ತದೆ.

ಇಂದಿನ ಸರಗೂರು, ಸಾಲಿಗ್ರಾಮ ಭಾಗಗಳನ್ನೂ ಒಳಗೊಂಡ ಮೇಲ್ಕಂಡ ನಾಲ್ಕು ತಾಲ್ಲೂಕುಗಳು ಪ್ರಸ್ತುತವಾಗುವುದು ಇಲ್ಲಿಯೇ. ಗುಬ್ಬಿ ಕಂಪನಿ 1934ರಲ್ಲಿ ರಂಗಕ್ಕೆ ತಂದ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳು ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಂಪನಿಗಳು ಕ್ಷೀಣಿಸಿದ ಮೇಲೂ ಉಳಿದುಕೊಂಡವು. ಊರಿನ ರೈತರೇ ಪಾತ್ರಧಾರಿಗಳು. ತಿಂಗಳುಗಟ್ಟಲೆ ಮಾತು, ಕಂದ, ಹಾಡುಗಳನ್ನು ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಇಲ್ಲಿ ಅವರು ವಾದಕರಷ್ಟೇ ಅಲ್ಲ, ನಿರ್ದೇಶಕರೂ ಹೌದು. ಕ್ಯಾಸೆಟ್ ಬಳಕೆಗೆ ಬಂದ ಮೇಲೆ ಇಂತಹ ಪ್ರಯೋಗಗಳನ್ನು ಊರವರೇ ಮುದ್ರಿಸಿಕೊಳ್ಳುವುದು ಸಾಧ್ಯವಾಯಿತು. ಎಂಟು ಗಂಟೆಗಳ ಪ್ರಯೋಗಕ್ಕೆ 90 ನಿಮಿಷಗಳ ಆರು ಕ್ಯಾಸೆಟ್‌ಗಳಾದರೂ ಬೇಕು. ತಟ್ಟೆಯಲ್ಲಿ ಮೊಟಕಾದ ಹಾಡು ಈ ಕ್ಯಾಸೆಟ್‌ಗಳಲ್ಲಿ ಪೂರ್ಣವಾಗಿ ದೊರೆಯಬಹುದೆಂಬುದು ಗಮನಾರ್ಹ.

ಶೋಧಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಅಚ್ಚಾದ ನಾಟಕದ ಹಾಡುಗಳ ಪುಸ್ತಕಗಳು. ಹಾಡಿನ ತಲೆಯ ಮೇಲೆ ಸೂಚಿಸಿರುವ ‘ಮಟ್ಟು’ ಅದು ಯಾವ ಹಿಂದಿನ ಹಾಡಿನ ಧಾಟಿಯೆಂಬುದನ್ನು ತಿಳಿಸುತ್ತದೆ. ಆ ಧಾಟಿಯ ತಟ್ಟೆಯನ್ನು ಅಲ್ಲಿಂದ ಅರಸಬಹುದು. ಎರಡನೆಯದು, ಲೇಬಲ್ಲಿನ ಪಕ್ಕದಲ್ಲಿ ಕೆತ್ತಿರುವ ಮೂಲಮುದ್ರಣ ಸಂಖ್ಯೆ. ಮಾರಾಟದ ಸಂಖ್ಯೆ ಬದಲಾದರೂ ಇದು ಬದಲಾಗುವುದಿಲ್ಲವಾದ್ದರಿಂದ ಒಂದೇ ಅವಧಿಯ ಮುದ್ರಣಗಳನ್ನು ಒಟ್ಟುಗೂಡಿಸಲು ನೆರವಾಗುತ್ತದೆ. ಮೂರನೆಯದು, ವಾದ್ಯದ ಸ್ಥಿರ ಶ್ರುತಿ. ಹಳೆಯ ತಟ್ಟೆಗಳೆಲ್ಲವೂ ನಿಮಿಷಕ್ಕೆ ನಿಖರವಾಗಿ 78 ಸುತ್ತಿನಲ್ಲಿ ಮುದ್ರಿತವಾದವಲ್ಲ. ವೇಗವು 78ರಿಂದ ಸುಮಾರು 73.6ಕ್ಕೆ ಇಳಿದರೆ ಶ್ರುತಿ ಅರ್ಧ ಮನೆ ತಗ್ಗುತ್ತದೆ. ತಟ್ಟೆಯ ಹಾರ್ಮೋನಿಯಂ ಎರಡು ಮನೆಗಳ ನಡುವೆ ನುಡಿಯುವಂತೆ ಕೇಳಿಸಿದರೆ ವೇಗವನ್ನು ಸಂದೇಹಿಸಬೇಕು. ವಾದ್ಯಗಳ ಶ್ರುತಿಯಲ್ಲಿಯೂ ಅಲ್ಪಸ್ವಲ್ಪ ವ್ಯತ್ಯಾಸ ಇರುತ್ತಿದ್ದುದರಿಂದ ಗಾಯಕರ ರೂಢಿಯ ಶ್ರುತಿಯೊಂದಿಗೂ ಹೋಲಿಸಿ ನಿರ್ಧರಿಸುವುದು ಉಚಿತ. ಗಮಕಕ್ಕೆ ಅಡ್ಡಿಯೆಂದು ಹಳಿಯಲಾದ ಗುಣವೇ ಇಲ್ಲಿ ಸಂಶೋಧಕನಿಗೆ ಅಳತೆಗೋಲಾಗುತ್ತದೆ.

ಅರಗಿನ ತಟ್ಟೆ ಬಿದ್ದರೆ ಒಡೆಯುತ್ತದೆ. ಕ್ಯಾಸೆಟ್ಟಿಗೆ ತೇವದಿಂದ ಬೂಷ್ಟು ಹಿಡಿಯುತ್ತದೆ. ಕಬಿನಿ, ಕಾವೇರಿಗಳ ಮಳೆಸೀಮೆಯಲ್ಲಿ ಈ ಅಪಾಯ ಸಣ್ಣದಲ್ಲ. ಗ್ರಂಥಾಲಯಗಳು ಅಂಕೀಕರಣಕ್ಕೆ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಮಾನವನ್ನು ಅನುಸರಿಸಬೇಕು. 78ರ ತಟ್ಟೆಗೆ ಎಲ್.ಪಿ. ಸೂಜಿಯನ್ನು ಬಳಸಬಾರದು. ಭಾರತೀಯ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಸಾಹಿತ್ಯದ ಹಕ್ಕನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಕ್ಯಾಸೆಟ್ಟಿನಲ್ಲಿ ನುಡಿಸಿದವರು ಯಾರು, ಯಾರ ಶಿಷ್ಯರು, ಯಾವ ಊರಿನ ಪ್ರಯೋಗ ಎಂಬುದನ್ನು ಹೇಳಬಲ್ಲ ಹಿರಿಯರಿಂದ ಆ ವಿವರಗಳನ್ನು ಮುದ್ರಣದೊಂದಿಗೇ ದಾಖಲಿಸಿಕೊಳ್ಳಬೇಕು. ನಾದವನ್ನು ಮುಂದೆಯೂ ಶುದ್ಧೀಕರಿಸಬಹುದು. ಹೇಳುವವರೇ ಇಲ್ಲವಾದ ಮೇಲೆ ನುಡಿಸಿದವರ ಹೆಸರನ್ನು ಯಾವ ಯಂತ್ರವೂ ಮರಳಿ ಕೊಡಲಾರದು.