ಅಂಗಡಿಗೆ ಬಿದ್ದ ಬಿಸಿಲು, ಗದ್ದೆಗೆ ಬಂದ ನಷ್ಟ



ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ತೋಟದ ಕೆಲಸದ ಜೊತೆಗೆ ರಸ್ತೆ ಬದಿಯಲ್ಲಿ ಒಂದು ಸಣ್ಣ ಅಂಗಡಿ ನಡೆಸುವ ಕುಟುಂಬಗಳು ಹಲವು. ಅಕ್ಕಿ, ಎಣ್ಣೆ, ಉಪ್ಪಿನ ಜೊತೆಗೆ ತರಕಾರಿ ಬೀಜವೂ ಅಲ್ಲಿಯೇ ಸಿಗುತ್ತದೆ. ಕಳೆದ ಬೇಸಿಗೆಯಲ್ಲಿ ಮನೆಭೇಟಿಗೆ ಹೋದಾಗ ಅಂಥ ಒಂದು ಅಂಗಡಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಸಂಜೆ ನಾಲ್ಕು ಗಂಟೆ. ಅಂಗಡಿಯ ಮುಖ ಪಶ್ಚಿಮಕ್ಕೆ, ಮೇಲೆ ತಗಡಿನ ಮಾಡು. ಬಾಗಿಲಲ್ಲಿ ತೂಗುಹಾಕಿದ್ದ ಬೆಂಡೆ, ಅಳಸಂಡೆ ಬೀಜದ ಪೊಟ್ಟಣಗಳ ಮೇಲೆ ಬಿಸಿಲು ನೇರ ಬಿದ್ದಿತ್ತು. ಮುಟ್ಟಿದರೆ ಕೈಗೆ ಬಿಸಿ. "ಮಳೆ ಹಿಡಿದ ಕೂಡಲೇ ಎಲ್ಲ ಖರ್ಚಾಗುತ್ತದೆ ಫಾದರ್" ಎಂದರು ಅಂಗಡಿಯ ಬಾಯಮ್ಮ. ಖರ್ಚಾಗುವುದು ಖಂಡಿತ, ಮೊಳೆಯುತ್ತದೆಯೇ ಎಂಬುದೇ ನಮ್ಮ ಪ್ರಶ್ನೆ.

ಬೀಜ ಎಂದರೆ ಜೀವವಿರುವ ವಸ್ತು. ಬೀಜವಿಜ್ಞಾನಿ ಹ್ಯಾರಿಂಗ್ಟನ್ ತೋರಿಸಿಕೊಟ್ಟ ಒಂದು ಸ್ಥೂಲ ಲೆಕ್ಕವಿದೆ: ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಏರಿದರೆ ಬೀಜದ ಆಯುಸ್ಸು ಅರ್ಧಕ್ಕಿಳಿಯುತ್ತದೆ. ಬೀಜದ ತೇವಾಂಶ ಶೇಕಡಾ 1 ಹೆಚ್ಚಿದರೂ ಹಾಗೆಯೇ. ನಮ್ಮ ಕರಾವಳಿಯಲ್ಲಿ ಬಿಸಿಯೂ ಇದೆ, ತೇವವೂ ಇದೆ. ಮೇ ಕೊನೆಗೆ ಮಾರುವ ಬೀಜ ಏಪ್ರಿಲ್, ಮೇ ತಿಂಗಳುಗಳ ಸೆಕೆಯನ್ನೆಲ್ಲ ಅಂಗಡಿಯಲ್ಲೇ ಕಳೆದಿರುತ್ತದೆ. ಹುಟ್ಟದೆ ಹೋದರೆ ಕೊಂಡವರಿಗೆ ಪೊಟ್ಟಣದ ಬೆಲೆಯಷ್ಟೇ ಅಲ್ಲ, ಹದ ಮಾಡಿದ ಶ್ರಮವೂ ಬಿತ್ತನೆಯ ಸಮಯವೂ ನಷ್ಟ.

ಉಳಿದ ಸಾಮಾನಿಗೂ ಬಿಸಿಲು ಒಳ್ಳೆಯದಲ್ಲ. ಬೆಳಕು ಮತ್ತು ಶಾಖಕ್ಕೆ ಅಡುಗೆ ಎಣ್ಣೆ ಕಮಟುತ್ತದೆ. ಅಯೋಡಿನ್ ಉಪ್ಪಿನ ಸತ್ವ ಕುಂದುತ್ತದೆ. ಕೀಟನಾಶಕಗಳನ್ನಂತೂ ಬಿಸಿಲಿನಿಂದ ಮಾತ್ರವಲ್ಲ, ಇತರ ಸಾಮಾನಿನಿಂದಲೂ ದೂರ, ಬೇರೆಯೇ ಕೋಣೆಯಲ್ಲಿ ಅಥವಾ ಬೀಗ ಹಾಕಿದ ಬೇರೆ ಕಪಾಟಿನಲ್ಲಿ ಇಡಬೇಕೆಂದು ಕಾನೂನೇ ಹೇಳುತ್ತದೆ.

ಹಾಗಾದರೆ ಏನು ಮಾಡಬಹುದು?

ಮೊದಲನೆಯದು ಮಾಡು. ನಮ್ಮ ಊರಲ್ಲಿ ಏಪ್ರಿಲ್ ಕೊನೆಯ ವಾರ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಹೆಚ್ಚಿನ ಕಾವು ಇಳಿಯುವುದು ಮಾಡಿನಿಂದ. ತಾರಸಿಗೆ ಬಿಳಿ ಸುಣ್ಣ ಬಳಿಯಿರಿ. ತಗಡಿಗೆ ಸುಣ್ಣ ನಿಲ್ಲದು, ಬಿಳಿ ಬಣ್ಣ ಬೇಕು. ಅಡಿಕೆ ಸೋಗೆ, ತೆಂಗಿನ ಮಡಲು ಹೊದೆಸಿದರೂ ಬಹಳ ತಂಪು. ಆದರೆ ವಿದ್ಯುತ್ ತಂತಿ, ಒಲೆಯ ಹತ್ತಿರ ಬೇಡ, ಬೆಂಕಿಯ ಭಯವಿದೆ. ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟು ಹತ್ತಬೇಡಿ, ಮುರಿದು ಬಿದ್ದೀರಿ.

ಎರಡನೆಯದು ಎದುರು ಭಾಗ. ಸಂಜೆಯ ಸೂರ್ಯ ಕೆಳಗಿಳಿದು ಓರೆಯಾಗಿ ಒಳಗೆ ನುಗ್ಗುವುದರಿಂದ ಪಶ್ಚಿಮದ ಅಂಗಡಿಗೆ ಅಡ್ಡ ಚಜ್ಜ ಒಂದೇ ಸಾಲದು. ಬಿದಿರಿನ ತಟ್ಟಿ ಅಥವಾ ಮಡಲಿನ ತಟ್ಟಿಯನ್ನು ಜಗಲಿಯ ಅಂಚಿಗೆ ತೂಗುಹಾಕಿ. ನೆರಳು ಹೊರಗಡೆಯೇ ಇರಬೇಕು. ಗಾಜಿನ ಒಳಗೆ ಪರದೆ ಕಟ್ಟಿದರೆ ಬೆಳಕು ತಡೆಯಬಹುದು, ಆದರೆ ಶಾಖ ಆಗಲೇ ಒಳಗೆ ಬಂದಿರುತ್ತದೆ.

ಮೂರನೆಯದು ಗಾಳಿ. ಬಿಸಿ ಗಾಳಿ ಮೇಲಕ್ಕೇರುವುದರಿಂದ ಗೋಡೆಯ ತುದಿಯಲ್ಲಿ, ಮಾಡಿನ ಕೆಳಗೆ, ಜಾಲರಿ ಹಾಕಿದ ಕಿಂಡಿ ಇರಲಿ. ಬೀಜವನ್ನು ಮೇಲಿನ ಹಲಗೆಯಲ್ಲಿ ಇಡದೆ, ಕೆಳಗಿನ ನೆರಳಿನ ಕಪಾಟಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಾಗಿಲಲ್ಲಿ ಖಾಲಿ ಪೊಟ್ಟಣ ತೂಗುಹಾಕಿದರೂ ಗಿರಾಕಿಗೆ ತಿಳಿಯುತ್ತದೆ.

ಮಾರುವ ಮೊದಲು 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ವಾರ ನೋಡಿ. ಪ್ರಮಾಣಿತ ಬೀಜದಲ್ಲಿ ಅಳಸಂಡೆ ಕನಿಷ್ಠ ಶೇಕಡಾ 75, ಬೆಂಡೆ 65 ಮೊಳೆಯಬೇಕು. ಅಂದರೆ 20ರಲ್ಲಿ ಅಳಸಂಡೆ 15, ಬೆಂಡೆ 13. ಇದಕ್ಕಿಂತ ಕಡಿಮೆಯಾದರೆ ಮಾರಬೇಡಿ. ಅಳತೆ, ತೂಕದಲ್ಲಿ ಮೋಸ ಬೇಡವೆಂದು ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ. ಸತ್ತ ಬೀಜವೆಂದು ತಿಳಿದೂ ಮಾರುವುದು ಅದಕ್ಕಿಂತ ಬೇರೆಯಲ್ಲ ಎಂದು ನಾವು ತಿಳಿಯುತ್ತೇವೆ.

ಕೊನೆಗೆ ಒಂದು ಮಾತು. ಆ ತಗಡಿನ ಕೆಳಗೆ ಬೀಜದ ಜೊತೆ ನಿಮ್ಮ ತಾಯಿಯೋ ಅಜ್ಜಿಯೋ ದಿನವಿಡೀ ಕುಳಿತಿರುತ್ತಾರೆ. 2024ರ ಬೇಸಿಗೆಯಲ್ಲಿ ಕೇರಳ ಸರಕಾರ ಬಿಸಿಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರ ತನಕ ವಿರಾಮ ಗೊತ್ತುಮಾಡಿತ್ತು. ಅಂಗಡಿಯವರೂ ಆ ಹೊತ್ತು ಬಾಗಿಲು ಓರೆಮಾಡಿ, ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿದು, ತುಸು ವಿಶ್ರಮಿಸಲಿ.