ಹುಲ್ಲಿನ ಅಂಡಿಗೆಯ ಮನೆ

ಮಾಳಿಗೆ ಮನೆಯಲ್ಲಿ ಹುಟ್ಟಿ ಬೆಳೆದವರು ತಗಡಿನ ಮನೆಗೆ ಬಂದರೆ ಮೊದಲು ಆಡುವ ಮಾತು ಸೆಕೆಯದು. ಅಕ್ಕಲಕೋಟೆ, ಸೊಲ್ಲಾಪುರದ ಕಡೆಗೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಮೇಲ್ಮುದ್ದೆ. ಹೊರಗೆ ಬಿಸಿಲು ಕೆಂಡ ಕಾರುತ್ತಿದ್ದರೂ ಒಳಗೆ ಮಧ್ಯಾಹ್ನದ ನಿದ್ದೆಗೆ ಅಡ್ಡಿಯಿರಲಿಲ್ಲ. ಆದರೆ 1993ನೆಯ ಇಸವಿ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ಸೀಮೆಯ ನೆಲ ನಡುಗಿದಾಗ, ಮಲಗಿದ್ದ ಸಾವಿರಾರು ಜನರ ಮೇಲೆ ಬಿದ್ದುದು ಇಂಥ ಗೋಡೆಗಳೇ, ಇಂಥ ಮಾಳಿಗೆಗಳೇ. ಕಲ್ಲನ್ನು ಕಲ್ಲಿಗೆ ಹಿಡಿದಿಟ್ಟಿದ್ದು ಬರಿಯ ಮಣ್ಣು. ತಲೆಯ ಮೇಲೆಯೂ ಮಣ್ಣಿನದೇ ಭಾರ. ತಗಡು ಹಗುರ, ಬಿದ್ದರೂ ಜೀವ ಉಳಿದೀತು. ಬೇಸಗೆಯಲ್ಲಿ ಮಾತ್ರ ಅದು ರೊಟ್ಟಿಯ ಹಂಚು. ದಪ್ಪವೂ ಆಗಿರಬೇಕು, ಹಗುರವೂ ಆಗಿರಬೇಕು, ಬಡವನ ಕೈಗೆ ಎಟುಕಲೂ ಬೇಕು; ಇಂಥ ಗೋಡೆ ಉಂಟೆ?

ಉಂಟು, ಅದು ಹುಲ್ಲಿನ ಗೋಡೆ. ಗುಡಿಸಲಿನ ತಟ್ಟಿಯಲ್ಲ. ಆದವಾನಿಯ ಪ್ರೆಸ್ಸುಗಳಲ್ಲಿ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಹಾಗೆಯೇ ಒಣಹುಲ್ಲನ್ನು ಯಂತ್ರದಲ್ಲಿ ಒತ್ತಿ, ಹುರಿಯಿಂದ ಬಿಗಿದು, ಆ ಅಂಡಿಗೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಇಟ್ಟು, ಎರಡೂ ಮಗ್ಗುಲಿಗೆ ಮಣ್ಣು ಮೆತ್ತಿದ ಗೋಡೆ.

ಈ ಉಪಾಯ ಹುಟ್ಟಿದ್ದು ಅಮೇರಿಕೆಯ ನೆಬ್ರಾಸ್ಕ ಸಂಸ್ಥಾನದ ಮರಳುಗುಡ್ಡಗಳ ನಾಡಿನಲ್ಲಿ. ಅಲ್ಲಿ ಮರವಿಲ್ಲ, ಮಣ್ಣೆಲ್ಲ ಮರಳು. 1904ರ ಕಾಯಿದೆಯೊಂದರಿಂದ ಒಕ್ಕಲು ಮಾಡಬಂದವರಿಗೆ 640 ಎಕರೆಯಂತೆ ನೆಲ ಸಿಕ್ಕಿತು. ಮನೆ ಕಟ್ಟಲು ಸಾಮಾನು ಮಾತ್ರ ಸಿಗಲಿಲ್ಲ. ಕುದುರೆ ಕಟ್ಟಿ ನಡೆಸುವ ಅಂಡಿಗೆಯಂತ್ರ ಆಗಲೇ ಬಂದಿತ್ತು. ಇದ್ದ ಹುಲ್ಲನ್ನೇ ಒತ್ತಿ ಗೋಡೆ ಎಬ್ಬಿಸಿದರು, ಅದರ ಮೇಲೆಯೇ ಮಾಡಿನ ಭಾರ ಹೊರಿಸಿದರು. ಆರ್ಥರ್ ಎಂಬ ಊರಿನಲ್ಲಿ 1928ರಲ್ಲಿ ರೈ ಧಾನ್ಯದ ಹುಲ್ಲಿನಿಂದ ಕಟ್ಟಿದ ಇಗರ್ಜಿ ಇನ್ನೂ ನಿಂತಿದೆ. ಅದಕ್ಕೂ ಮುಂಚೆ ಬೇಯಾರ್ಡ್ ಊರ ಬಳಿ ಕಟ್ಟಿದ ಒಂದು ಶಾಲೆಗೆ ಗಿಲಾವು ಮಾಡದೆ ಬಿಟ್ಟಿದ್ದರಂತೆ. ದನಗಳು ಬಂದು ಶಾಲೆಯನ್ನೇ ಮೇದವೆಂದು ಹೇಳುತ್ತಾರೆ. ನಮ್ಮ ಊರುಗಳಲ್ಲಾದರೂ ಅದೇ ಆದೀತು.

ಫ್ರಾನ್ಸಿನ ಮೊಂತಾರ್ಜಿ ಪಟ್ಟಣದಲ್ಲಿ ಫೆಯೆತ್ ಎಂಬ ಎಂಜಿನಿಯರರು 1920ರ ಸುಮಾರಿಗೆ ಮರದ ಚೌಕಟ್ಟು ನಿಲ್ಲಿಸಿ ಅದರೊಳಗೆ ಅಂಡಿಗೆ ತುಂಬಿ ಕಟ್ಟಿಸಿದ ಮನೆಯೂ ನೂರು ವರ್ಷ ದಾಟಿ ನಿಂತಿದೆ. ನಮಗೆ ಹತ್ತಿರದ ಉದಾಹರಣೆ ಪಾಕಿಸ್ತಾನದ್ದು. 2005ರ ಭೂಕಂಪದ ನಂತರ ಅಲ್ಲಿಯ ಗುಡ್ಡಗಾಡಿನಲ್ಲಿ ಹುಲ್ಲಿನ ಮನೆಗಳನ್ನು ಕಟ್ಟಲಾಯಿತು. ಆ ಮಾದರಿಯದೇ ಒಂದು ಮನೆಯನ್ನು 2009ರಲ್ಲಿ ಅಮೇರಿಕೆಯ ನೆವಾಡ ವಿಶ್ವವಿದ್ಯಾಲಯದಲ್ಲಿ, ನೆಲ ನಡುಗಿದಂತೆ ಅಲುಗಾಡಿಸುವ ವೇದಿಕೆಯ ಮೇಲಿಟ್ಟು ಪರೀಕ್ಷಿಸಿದರು. ಮನೆ ಜಖಂ ಆಯಿತು, ಆದರೆ ಕುಸಿಯಲಿಲ್ಲ. ಕಿಲ್ಲಾರಿಯನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ.

ಸೆಕೆ ತಡೆಯುವುದು ಹುಲ್ಲಿನ ಕಡ್ಡಿಗಿಂತ ಕಡ್ಡಿಗಳ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ. ಕಂಬಳಿ ಚಳಿ ತಡೆಯುವುದೂ ಇದರಿಂದಲೇ. ಇಟ್ಟಿಗೆಯ ಮೂಲಕ ಹಾಯುವ ಕಾವಿನ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ, ಅಷ್ಟೇ ದಪ್ಪದ ಅಂಡಿಗೆಯ ಮೂಲಕ ಹಾಯುತ್ತದೆ. ಆದರೆ ಗೋಡೆ ಹುಲ್ಲಿನದು, ಮೇಲೆ ಬರಿ ತಗಡು ಎಂದರೆ ಮಾಡಿದ ಕೆಲಸದ ಅರ್ಧ ಫಲವೂ ಸಿಗದು. ಒಂದೇ ಅಂತಸ್ತಿನ ಮನೆಗೆ ಬಿಸಿಲಿನ ಕಾವು ಹೆಚ್ಚಾಗಿ ಇಳಿಯುವುದು ಮೇಲಿನಿಂದ. ತಗಡಿನ ಕೆಳಗೆ ಗಾಳಿಯಾಡುವಷ್ಟು ಜಾಗ ಬಿಟ್ಟು, ಬಿದಿರಿನ ತಟ್ಟಿ ಹಾಸಿ, ರಾಡಿಯಲ್ಲಿ ಅದ್ದಿ ಹಿಂಡಿದ ಹುಲ್ಲನ್ನು ಅದರ ಮೇಲೆ ನಾಲ್ಕು ಬೆರಳು ದಪ್ಪ ಹರಡಿ ಒಣಗಿಸಬೇಕು.

ಹುಲ್ಲು ಎಂದೊಡನೆ ಕೇಳುವ ಮೊದಲ ಪ್ರಶ್ನೆ ಬೆಂಕಿಯದು. ಬಿಡಿ ಹುಲ್ಲು ಭಗ್ಗನೆ ಹತ್ತುತ್ತದೆ, ನಿಜ. ಒತ್ತಿ ಬಿಗಿದ ಅಂಡಿಗೆಯೊಳಗೆ ಉರಿಗೆ ಬೇಕಾದ ಗಾಳಿಯ ಓಡಾಟವಿಲ್ಲ. ದಪ್ಪ ಪುಸ್ತಕವನ್ನು ಮುಚ್ಚಿಟ್ಟು ಸುಡಲು ನೋಡಿದ ಹಾಗೆ. ಮಣ್ಣಿನ ಗಿಲಾವು ಮಾಡಿದ ಇಂಥ ಗೋಡೆ ಪರೀಕ್ಷೆಯಲ್ಲಿ ಒಂದು ತಾಸು ಉರಿಯನ್ನು ತಡೆದಿದೆ, ಸುಣ್ಣ-ಸಿಮೆಂಟಿನ ಗಿಲಾವಿನದು ಎರಡು ತಾಸು. ಅಪಾಯವಿರುವುದು ಕಟ್ಟುವ ದಿನಗಳಲ್ಲಿ. ಉದುರಿದ ಹುಲ್ಲನ್ನು ದಿನಾಲೂ ಗುಡಿಸಿ ದೂರ ಹಾಕತಕ್ಕದ್ದು. ಬೀಡಿ ಸೇದುವವರನ್ನು ಆ ಕಡೆ ಬಿಡಲೇಬಾರದು.

ಈ ಗೋಡೆಯ ನಿಜವಾದ ಶತ್ರು ನೀರು. ಅಂಡಿಗೆಯಲ್ಲಿ ತೇವ ನೂರಕ್ಕೆ ಇಪ್ಪತ್ತು ಪಾಲು ಮೀರಿ ಬಹುಕಾಲ ನಿಂತರೆ ಹುಲ್ಲು ಕೊಳೆಯುತ್ತದೆ, ಹೊರಗೆ ಗಿಲಾವು ಚೆನ್ನಾಗಿಯೇ ಕಾಣುತ್ತಿರುತ್ತದೆ. ಆದ್ದರಿಂದ ಕಲ್ಲಿನ ಪಾಯವನ್ನು ನೆಲದಿಂದ ಎರಡಡಿಯಾದರೂ ಎತ್ತರಿಸಬೇಕು, ಸೂರು ಎರಡೂವರೆ ಅಡಿ ಮುಂದಕ್ಕೆ ಚಾಚಿರಬೇಕು. ಪಾಯದಿಂದ ಹಸಿ ಏರದಂತೆ, ಗೆದ್ದಲು ಹತ್ತದಂತೆ ನಡುವೆ ಡಾಂಬರಿನ ಹಾಳೆಯನ್ನೋ ತಗಡನ್ನೋ ಹಾಸಬೇಕು. ಬಚ್ಚಲಿನ ಗೋಡೆ ಕಲ್ಲಿನದೋ ಇಟ್ಟಿಗೆಯದೋ ಇರಲಿ. ಬರಿ ಸಿಮೆಂಟಿನ ಗಿಲಾವು ಬೇಡ. ಒಳಹೊಕ್ಕ ತೇವವನ್ನು ಅದು ಹೊರಬಿಡುವುದಿಲ್ಲ. ಮಣ್ಣಿಗೆ ಕತ್ತರಿಸಿದ ಹುಲ್ಲು ಬೆರೆಸಿ ಕೊಳೆಯಿಟ್ಟು ಮೂರು ಕೈ ಮೆತ್ತಿ, ಹೊರಗೆ ಸುಣ್ಣ ಹೊಡೆಯುವುದೇ ಲೇಸು. ಈ ಕೆಲಸವನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾವ ಎಂಜಿನಿಯರನೂ ಕಲಿಸಬೇಕಾಗಿಲ್ಲ. ಇಲಿಗೆ ಸಂದು ಸಿಗದಂತೆ ಗಿಲಾವು ಮೂಲೆಮೂಲೆಗೂ ಮುಟ್ಟಿರಬೇಕು.

ನಮ್ಮ ಕಡೆಗೆ ನೆಬ್ರಾಸ್ಕದ ರೀತಿಗಿಂತ ಫ್ರಾನ್ಸಿನ ರೀತಿ ಮೇಲು. ನೀಲಗಿರಿ ಕಂಬಗಳನ್ನು ನಿಲ್ಲಿಸಿ ಮೊದಲು ಮಾಡು ಹೊದಿಸಿಬಿಟ್ಟರೆ ಅಂಡಿಗೆಗಳು ನೆರಳಿನಲ್ಲಿ ಒಣಗಿದ್ದುಕೊಂಡೇ ಗೋಡೆ ಸೇರುತ್ತವೆ. ಸಂದಿಯ ಮೇಲೆ ಸಂದಿ ಬಾರದಂತೆ ವರಸೆ ಹಾಕಿ, ಬಿದಿರಿನ ಗೂಟ ಜಡಿದು, ಕಂಬಕ್ಕೆ ಬಿಗಿಯುವುದು.

ಇನ್ನು ಲೆಕ್ಕಕ್ಕೆ ಬರೋಣ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, 14 ಅಂಗುಲ ಎತ್ತರದ ಅಂಡಿಗೆ ಸುಮಾರು 18 ಕಿಲೊ ತೂಗಬೇಕು. ಬಹಳ ಹಗುರಾದರೆ ಸಡಿಲವೆಂದು ತಿಳಿಯಿರಿ. ಒಳಗೆ ಹತ್ತಡಿ-ಹನ್ನೆರಡಡಿಯ ಒಂದು ಕೋಣೆಗೆ ಏಳು ವರಸೆ, ಬಾಗಿಲು ಕಿಟಕಿ ಕಳೆದು 105 ಅಂಡಿಗೆ. ಎರಡು ಟನ್ನಿಗೆ ಸ್ವಲ್ಪ ಕಡಿಮೆ ಹುಲ್ಲು. ದಿನಕ್ಕೆ ಐದು ಕಿಲೊ ಒಣಹುಲ್ಲು ತಿನ್ನುವ ಎತ್ತಿಗೆ ಇದು ಒಂದು ವರ್ಷದ ಮೇವು! ಜತ್ತದಂಥ ಬರದ ಸೀಮೆಯಲ್ಲಿ ಬಣವೆಯನ್ನು ಗೋಡೆಗೆ ಹಾಕು ಎಂದು ಹೇಳಲು ಯಾರಿಗೂ ಬಾಯಿ ಬರದು, ಹೇಳಲೂ ಬಾರದು. ಜೋಳದ ಕಣಿಕೆಯಂತೂ ದನದ ಪಾಲು, ಅದನ್ನು ಮುಟ್ಟಕೂಡದು. ತುಂಗಭದ್ರೆಯ ಕಾಲುವೆ ನೀರು ಹರಿದು ನೆಲ್ಲು ಬೆಳೆಯುವಲ್ಲಿ ಸಂಗತಿ ಬೇರೆ. ಅಲ್ಲಿ ಯಂತ್ರದಿಂದ ಕೊಯ್ದ ಗದ್ದೆಗಳಲ್ಲಿ ಉಳಿದ ಹುಲ್ಲಿಗೆ ಎಷ್ಟೋ ಕಡೆ ಬೆಂಕಿಯಿಡುತ್ತಾರೆ. ಗೋಡೆಗೆ ಬೇಕಾದುದು ಆ ಹುಲ್ಲು.

ಬಾಡಿಗೆಗೆ ಬರುವ ಯಂತ್ರಗಳಲ್ಲಿ ಅನೇಕವು ಹುಲ್ಲನ್ನು ಉರುಳೆಯಂತೆ ಸುತ್ತುತ್ತವೆ. ಉರುಳೆಯಿಂದ ಗೋಡೆಯಾಗದು, ಚೌಕ ಅಂಡಿಗೆಯ ಯಂತ್ರವನ್ನೇ ಕೇಳಿ ತರಿಸಬೇಕು. ಮಳೆ 3000 ಮಿಲಿಮೀಟರು ದಾಟುವ ಕಾಸರಗೋಡಿನವರು ಇದರ ಗೊಡವೆಗೆ ಹೋಗದಿರುವುದು ಒಳ್ಳೆಯದು. ಅವರ ಕೆಂಪುಕಲ್ಲು ಅವರಿಗೆ ಸಾಕು. ಗೋಡೆ ಅಗ್ಗವಾಯಿತೆಂದು ಮನೆಯೆಲ್ಲ ಅಗ್ಗವಾಗುವುದಿಲ್ಲ ಎಂಬುದೂ ನೆನಪಿರಲಿ. ಪಾಯ, ಮಾಡು, ಬಾಗಿಲುಗಳ ಖರ್ಚು ಇದ್ದದ್ದೇ. ಮೊದಲು ಹಿತ್ತಲಿನಲ್ಲಿ ಒಂದು ಕೋಣೆ ಕಟ್ಟಿ ಎರಡು ಮಳೆಗಾಲ ನೋಡುವುದು ಜಾಣತನ.

ಮಳೆಗಾಲದ ನೆಲ್ಲು ಡಿಸೆಂಬರಿಗೆ ಕಣ ಸೇರುತ್ತದೆ. ಜನವರಿಯಲ್ಲಿ ಗೋಡೆ ಎದ್ದರೆ ಮಾರ್ಚಿನೊಳಗೆ ಮೂರನೆಯ ಕೈ ಗಿಲಾವು ಮುಗಿದು, ಮುಂಗಾರಿಗೆ ಮುಂಚೆ ಒಣಗಲು ಎರಡು ತಿಂಗಳು ಸಿಗುತ್ತದೆ.