ಸನ್ಮಾನ ಮೇ ತಿಂಗಳಿಗೇ ಮುಗಿಯಬೇಕೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನವೇ ಪ್ರೌಢಶಾಲೆಗಳ ಗೇಟಿನ ಮುಂದೆ ಫ್ಲೆಕ್ಸ್‌ಗಳು ತಲೆಯೆತ್ತುತ್ತವೆ. ಮೇಲ್ಭಾಗದಲ್ಲಿ ಅಂಕಗಳ ಸಮೇತ ಐದಾರು ಮಕ್ಕಳ ಮುಖ. ಕೆಳಗೆ ‘ಅಭಿನಂದಿಸುವವರು’ ಎಂಬ ಒಕ್ಕಣೆಯಡಿ, ಎಷ್ಟೋ ಸಲ ಮಕ್ಕಳಿಗಿಂತ ದೊಡ್ಡದಾಗಿ, ಊರಿನ ಪ್ರಮುಖರ ಭಾವಚಿತ್ರ. ಈ ಸಡಗರವನ್ನು ಹೀಗಳೆಯುವ ಅಗತ್ಯವಿಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದ ತಂದೆತಾಯಿಯ ಮಗಳೊಬ್ಬಳು ಆರುನೂರು ಅಂಕ ದಾಟಿದಾಗ ಊರು ಹಬ್ಬ ಮಾಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಪ್ರೌಢಶಾಲೆ ಮೂರು ವರ್ಷಗಳ ಕಾಲ ಪಟ್ಟ ಪಾಡೆಲ್ಲವೂ ಆ ಐದಾರು ಮುಖಗಳಲ್ಲಿ ಮುಗಿದುಹೋಗುತ್ತದೆಯೇ ಎಂಬುದು ಯೋಚಿಸಬೇಕಾದ ವಿಷಯ.

ಅಂಕಗಳು ಹೇಳುವ ಕಥೆ ಎಷ್ಟು ಚಂಚಲವಾದುದು ಎಂಬುದಕ್ಕೆ ಕಳೆದ ಕೆಲವು ವರ್ಷಗಳ ದಾಖಲೆಯೇ ಸಾಕ್ಷಿ. 625ಕ್ಕೆ 625 ಅಂಕ ಪಡೆದವರು 2021ರಲ್ಲಿ 157 ಮಂದಿ. 2022ರಲ್ಲಿ 145 ಮಂದಿ. 2023ರಲ್ಲಿ ಈ ಸಂಖ್ಯೆ ನಾಲ್ಕಕ್ಕಿಳಿಯಿತು. 2024ರಲ್ಲಿ ಆ ಸಾಧನೆ ಮಾಡಿದ್ದು ಒಬ್ಬಳೇ ವಿದ್ಯಾರ್ಥಿನಿ, ಅದೂ ಸರ್ಕಾರಿ ವಸತಿ ಶಾಲೆಯಲ್ಲಿ ಓದಿದವಳು. 2025ರಲ್ಲಿ 22 ಮಂದಿ. ಮಕ್ಕಳ ಬುದ್ಧಿಮತ್ತೆ ವರ್ಷದಿಂದ ವರ್ಷಕ್ಕೆ ಹೀಗೆ ಏರಿಳಿಯುವುದು ಸಾಧ್ಯವಿಲ್ಲ. 2021ರದು ಕೋವಿಡ್ ಕಾಲದಲ್ಲಿ ಬಹು ಆಯ್ಕೆಯ ಪ್ರಶ್ನೆಗಳೊಂದಿಗೆ ಎರಡೇ ದಿನಗಳಲ್ಲಿ ಮುಗಿದ ಪರೀಕ್ಷೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಯಿತು. ಹಿಂದಿನ ವರ್ಷ ಶೇ 83.89ರಷ್ಟಿದ್ದ ಉತ್ತೀರ್ಣರ ಪ್ರಮಾಣ ಶೇ 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಆ ಹೆಚ್ಚುವರಿ ಕೃಪೆ ಇಲ್ಲದ 2025ರ ಪರೀಕ್ಷೆ-1ರಲ್ಲಿ ಶೇ 66.14 ಮಂದಿಯಷ್ಟೇ ತೇರ್ಗಡೆಯಾದರು. ಅದಕ್ಕೆ ಹಿಂದಿನ ವರ್ಷಗಳಲ್ಲಿ ನಾವು ಶಾಲು ಹೊದಿಸಿದ ಫಲಿತಾಂಶಗಳಲ್ಲಿ ಓದಿನ ಪಾಲೆಷ್ಟು, ಸಡಿಲ ಮೇಲ್ವಿಚಾರಣೆಯ ಪಾಲೆಷ್ಟು ಎಂದು ಇನ್ನು ಬಿಡಿಸಿ ಹೇಳುವುದು ಕಷ್ಟ.

‘ಶೇ ನೂರು ಫಲಿತಾಂಶ’ ಎಂಬ ಬಿರುದಿನ ಬಗ್ಗೆಯಂತೂ ಎಚ್ಚರ ಬೇಕು. ಓದಿನಲ್ಲಿ ಹಿಂದುಳಿದ ಮಗುವಿಗೆ ಒಂಬತ್ತನೆಯ ತರಗತಿಯಲ್ಲೇ ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವ ಅಥವಾ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯುವಂತೆ ಪಾಲಕರ ಮನವೊಲಿಸುವ ಶಾಲೆಗಳಿವೆ ಎಂಬ ದೂರು ಇಂದು ನಿನ್ನೆಯದಲ್ಲ. ಅಂಥ ಶಾಲೆಗೂ, ಇದ್ದ ಮಕ್ಕಳೆಲ್ಲರನ್ನೂ ಪರೀಕ್ಷೆಗೆ ಕೂರಿಸಿ ಶೇ 80 ಪಡೆದ ಶಾಲೆಗೂ ಒಂದೇ ವೇದಿಕೆಯ ಮೇಲೆ ಒಂದೇ ಅಳತೆ. ಎಂಟನೆಯ ತರಗತಿಗೆ ಸೇರಿದವರೆಷ್ಟು, ಹತ್ತನೆಯದರ ಪರೀಕ್ಷೆ ಬರೆದವರೆಷ್ಟು ಎಂಬ ಎರಡು ಅಂಕಿಗಳನ್ನೂ ಅದೇ ಫ್ಲೆಕ್ಸ್ ಮೇಲೆ ಅಚ್ಚು ಹಾಕಿಸಿದರೆ ಹಲವು ಬಿರುದುಗಳ ಬಣ್ಣ ಅಲ್ಲಿಯೇ ಮಾಸೀತು.

ನಿಜವಾದ ಪರಿಶ್ರಮ ನಡೆಯುವುದು ಫ್ಲೆಕ್ಸ್ ಕಟ್ಟಿದ ಮೇಲೆ. 2024ರಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂತು. ‘ಪೂರಕ ಪರೀಕ್ಷೆ’ ಎಂಬ ಹಳೆಯ ಹೆಸರು, ಅದರೊಂದಿಗೆ ಅಂಟಿಕೊಂಡಿದ್ದ ಕಳಂಕ, ಕಾಗದದ ಮೇಲಾದರೂ ಹೋಯಿತು. ಆ ಬೇಸಿಗೆಯಲ್ಲಿ ಅನುತ್ತೀರ್ಣರಿಗೆ ವಿಶೇಷ ತರಗತಿ ನಡೆಸುವಂತೆ ಇಲಾಖೆ ಸೂಚಿಸಿದಾಗ, ರಜೆ ಕಡಿತವಾಗುತ್ತದೆಂದು ಶಿಕ್ಷಕರಿಂದ ಆಕ್ಷೇಪವೂ ಬಂತು. ಆ ಆಕ್ಷೇಪದಲ್ಲಿ ಹುರುಳಿತ್ತು. ವರ್ಷವಿಡೀ ಗಣತಿ, ಚುನಾವಣೆ ಎಂದು ಸುತ್ತಾಡುವವರಿಗೆ ರಜೆಯಾದರೂ ಬೇಡವೆ? ಆದರೂ ಅನೇಕರು ಬಂದರು. ಬಾರದ ಮಕ್ಕಳನ್ನು ಮನೆಗೆ ಹೋಗಿ ಕರೆತಂದರು. ಗಾರೆ ಕೆಲಸಕ್ಕೋ ಅಂಗಡಿಗೋ ಸೇರಿಬಿಟ್ಟಿದ್ದ ಹುಡುಗನನ್ನು ಹುಡುಕಿ, ಗಣಿತದ ಯಾವ ಅಧ್ಯಾಯಗಳನ್ನು ಹಿಡಿದರೆ ದಡ ಸೇರಬಹುದೆಂದು ಲೆಕ್ಕ ಹಾಕಿಕೊಟ್ಟರು. ಒಮ್ಮೆ ‘ಫೇಲು’ ಎಂದು ಊರೆಲ್ಲ ಕರೆದ ಮೇಲೆ ಮತ್ತೆ ಚೀಲ ಹೆಗಲಿಗೇರಿಸುವುದಕ್ಕೆ ಹದಿನಾರರ ವಯಸ್ಸಿನಲ್ಲಿ ಎಷ್ಟು ಧೈರ್ಯ ಬೇಕೆಂಬುದನ್ನು ಆ ಸ್ಥಿತಿಯಲ್ಲಿದ್ದವರೇ ಬಲ್ಲರು.

ಆ ವರ್ಷ ಮೂರನೆಯ ಪರೀಕ್ಷೆ ನಡೆದದ್ದು ಆಗಸ್ಟ್ ಆರಂಭದಲ್ಲಿ. ಸ್ವಾತಂತ್ರ್ಯ ದಿನದಂದು ಧ್ವಜಾರೋಹಣದ ಬಳಿಕ ಹಿಂದಿನ ಸಾಲಿನ ಪ್ರತಿಭಾವಂತರಿಗೆ ಬಹುಮಾನ ವಿತರಿಸುವುದು ನಮ್ಮ ಬಹುತೇಕ ಶಾಲೆಗಳ ವಾಡಿಕೆ. ಅಂದು ಅಂಗಳದಲ್ಲಿ ಚಪ್ಪಾಳೆ ಮೊಳಗುತ್ತಿದ್ದಾಗ ಅದೇ ತಂಡದ ಕೆಲವರು ಮನೆಯಲ್ಲಿ ಕುಳಿತು ಫಲಿತಾಂಶ ಕಾಯುತ್ತಿದ್ದರು. ಆಮೇಲೆ ಅವರಲ್ಲಿ ಪಾಸಾದವರಿಗಾಗಿ ಯಾರೂ ಶಾಮಿಯಾನ ಹಾಕಿಸಲಿಲ್ಲ.

ಸಿಬ್ಬಂದಿಯ ವಿಷಯಕ್ಕೆ ಬಂದರೆ ಕಥೆ ಬೇರೆ ಬಗೆಯದು. ರಾಷ್ಟ್ರಮಟ್ಟದ ಶಿಕ್ಷಕ ಪ್ರಶಸ್ತಿ ಆರಂಭವಾದದ್ದು 1958ರಲ್ಲಿ. 2018ರಿಂದ ಶಿಕ್ಷಕರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ವ್ಯವಸ್ಥೆ ಬಂದಿದೆ. ಶಿಫಾರಸಿನ ಹಂಗು ತಪ್ಪಲೆಂಬ ಉದ್ದೇಶ ಒಳ್ಳೆಯದೇ. ಆದರೆ ತಮ್ಮ ಸಾಧನೆಯ ಭಾವಚಿತ್ರ, ಪತ್ರಿಕಾ ತುಣುಕು, ಪ್ರಮಾಣಪತ್ರಗಳನ್ನು ತಾವೇ ಒಪ್ಪವಾಗಿ ಜೋಡಿಸಿ ‘ನಾನು ಉತ್ತಮ ಶಿಕ್ಷಕ’ ಎಂದು ನಿವೇದಿಸಿಕೊಳ್ಳಲು ನಿಜವಾದ ಮೇಷ್ಟರಿಗೆ ಸಂಕೋಚವೆನಿಸುತ್ತದೆ. ಕಡತ ಚೆನ್ನಾಗಿದ್ದವರು ಪಾಠವನ್ನೂ ಚೆನ್ನಾಗಿ ಮಾಡುತ್ತಿರಬಹುದು. ಕಡತವೇ ಇಲ್ಲದವರ ಪಾಠ ಯಾರಿಗೆ ತಿಳಿಯಬೇಕು? ಇನ್ನು ಖಾಯಂ ಶಿಕ್ಷಕರಿಲ್ಲದ ವಿಷಯವನ್ನು ಗೌರವಧನದ ಮೇಲೆ ದುಡಿದು ದಡ ಮುಟ್ಟಿಸುವ ಅತಿಥಿ ಶಿಕ್ಷಕರು ಫಲಿತಾಂಶ ಬರುವ ವೇಳೆಗೆ ಶಾಲೆಯ ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ. ಬಿಸಿಯೂಟದ ಅಡುಗೆಯವರು, ಬೀಗ ತೆಗೆದು ಗಂಟೆ ಹೊಡೆಯುವ ‘ಡಿ’ ದರ್ಜೆ ನೌಕರರು ವೇದಿಕೆಯ ಬಳಿ ಕಾಣಿಸುವುದು ಕುರ್ಚಿ ಜೋಡಿಸುವಾಗ ಮಾತ್ರ.

ಕುತೂಹಲದ ಸಂಗತಿಯೆಂದರೆ, ಹಳೆಯ ವಿದ್ಯಾರ್ಥಿಗಳು ಇಪ್ಪತ್ತು ಇಪ್ಪತ್ತೈದು ವರ್ಷಗಳ ಬಳಿಕ ಒಟ್ಟಾಗಿ ನಡೆಸುವ ಗುರುವಂದನೆಗಳಲ್ಲಿ ಈ ಲೆಕ್ಕ ತಿರುವುಮುರುವಾಗುವುದುಂಟು. ಅಲ್ಲಿ ಓಡಾಡಿ ಚಂದಾ ಎತ್ತುವವರಲ್ಲಿ, ನಿವೃತ್ತ ಮೇಷ್ಟರ ಮನೆ ಹುಡುಕಿ ಕಾರಿನಲ್ಲಿ ಕರೆತರುವವರಲ್ಲಿ ಹಿಂದಿನ ಬೆಂಚಿನವರೇ ಹೆಚ್ಚು ಎದ್ದು ಕಾಣುತ್ತಾರೆ. ಅವರು ನೆನಪಿಸಿಕೊಳ್ಳುವುದೂ ಶೇಕಡಾವಾರು ಫಲಿತಾಂಶವನ್ನಲ್ಲ. ಪರೀಕ್ಷಾ ಶುಲ್ಕ ತಾವೇ ಕಟ್ಟಿದ ಮೇಡಂ, ಬಿಟ್ಟುಹೋದವನನ್ನು ಬೈದು ಮರಳಿ ಕರೆತಂದ ದೈಹಿಕ ಶಿಕ್ಷಕ, ಹಸಿದವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದ ಅಡುಗೆಯಮ್ಮ.

ಈ ನೆನಪಿಗೆ ಕಾಲು ಶತಮಾನ ಕಾಯಬೇಕಾಗಿಲ್ಲ. ಪ್ರತಿ ಹಳೆಯ ಶಾಲೆಯಲ್ಲೂ ದತ್ತಿನಿಧಿಗಳಿವೆ. ತಂದೆಯ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಯಾರೋ ಇಟ್ಟ ಠೇವಣಿ. ಅದರ ಬಡ್ಡಿಯಿಂದ ಕನ್ನಡದಲ್ಲಿ ಅಥವಾ ಗಣಿತದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನ. ಇವೆಲ್ಲ ಸೇರಿ ಒಬ್ಬಳೇ ಹುಡುಗಿಯ ಕೈಗೆ ಹತ್ತು ಲಕೋಟೆಗಳಾಗಿ ಬರುವುದನ್ನೂ, ಉಳಿದವರು ಹತ್ತು ಸಲ ಚಪ್ಪಾಳೆ ತಟ್ಟುವುದನ್ನೂ ನೋಡದವರಿಲ್ಲ. ದಾನಿಗಳ ಕುಟುಂಬದ ಒಪ್ಪಿಗೆ ಪಡೆದು ಅವುಗಳಲ್ಲಿ ಎರಡು ಮೂರರ ಷರತ್ತನ್ನಾದರೂ ಬದಲಿಸಬಹುದು: ಒಂದು, ಮರುಪ್ರಯತ್ನದಲ್ಲಿ ತೇರ್ಗಡೆಯಾದವರಿಗೆ, ಇನ್ನೊಂದು, ಅವರನ್ನು ಹಿಡಿದು ಕೂರಿಸಿದ ಶಿಕ್ಷಕರಿಗೆ, ಅತಿಥಿ ಶಿಕ್ಷಕರನ್ನೂ ಒಳಗೊಂಡಂತೆ, ಮತ್ತೊಂದು, ಅಡುಗೆಮನೆಗೆ. ಇದಕ್ಕೆ ಸರ್ಕಾರಿ ಸುತ್ತೋಲೆಗಾಗಿ ಕಾಯಬೇಕಾಗಿಲ್ಲ. ಶಾಲಾಭಿವೃದ್ಧಿ ಸಮಿತಿಯ ಒಂದು ಸಭೆ, ಒಂದು ನಿರ್ಣಯ ಸಾಕು. ಬಹುಮಾನ ವಿತರಣೆಯನ್ನು ಆಗಸ್ಟ್ 15ರ ಬದಲು ನವೆಂಬರ್ 1ಕ್ಕೆ ಇಟ್ಟುಕೊಂಡರೆ ಕೊನೆಯ ಪರೀಕ್ಷೆಯ ಫಲಿತಾಂಶವೂ ಅಷ್ಟರಲ್ಲಿ ಕೈಸೇರಿರುತ್ತದೆ.